ನಿಮ್ಮ ಪೇಂಟ್ ಬ್ರಷ್‌ನಲ್ಲಿರೋ ಕೂದಲು ಯಾರದ್ದು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಕೇಳೋಕೆ ಆಗದವರು ಓದಬಹುದು, ಓದೋಕೆ ಬೇಸರವಾದವರು ಮೇಲಿನ ಪ್ಲೇ ಬಟನ್ ಒತ್ತಬಹುದು.)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿದ್ದೀರೋ, ರಾತ್ರಿ ಲೈಟ್ ಆರಿಸಿ ಮಲಗಿಕೊಂಡು ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ದರೂ ಸರಿ, ಇವತ್ತು ಒಂದು ಬ್ರಷ್‌ನಿಂದ ಶುರು ಮಾಡೋಣ.

ಹೋದ ತಿಂಗಳು ಬಳ್ಳಾರಿಯಲ್ಲಿ ನನ್ನ ಅಕ್ಕನ ಮಗಳ ಜೊತೆ ಸ್ಟೇಷನರಿ ಅಂಗಡಿಗೆ ಹೋಗಿದ್ದೆ. ಅವಳು ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ತಯಾರಿ ಮಾಡ್ತಿದ್ದಾಳೆ. ವಾಟರ್ ಕಲರ್ ಬ್ರಷ್ ಬೇಕಿತ್ತು. ಅಂಗಡಿಯವರು ಮೊದಲು ಪ್ಲಾಸ್ಟಿಕ್ ಕವರ್‌ನಲ್ಲಿದ್ದ ಬ್ರಷ್‌ಗಳನ್ನ ತೋರಿಸಿದರು. ಆಮೇಲೆ ಕೌಂಟರ್ ಕೆಳಗಿಂದ ಒಂದು ಹಳೇ ಡಬ್ಬಿ ತೆಗೆದರು. "ಇದು ನೋಡ್ರಿ, ಒರಿಜಿನಲ್ ಕೂದ್ಲು. ಈಗ ಸಿಗಂಗಿಲ್ಲ" ಅಂದರು.

ಅವಳು ಬ್ರಷ್ ತುದಿಯನ್ನ ಬೆರಳ ಮೇಲೆ ಆಡಿಸಿ ನೋಡಿದಳು. "ಮಾಮ, ಇದು ಭಾಳ ಚಲೋ ಐತಿ. ಯಾವುದರ ಕೂದ್ಲು ಇದು?"

ಅಂಗಡಿಯವರು ನಕ್ಕು ಸುಮ್ಮನಾದರು. ನಾನೂ ಸುಮ್ಮನಾದೆ. ಯಾಕಂದ್ರೆ ನನಗೆ ಉತ್ತರ ಗೊತ್ತಿತ್ತು. ಅಂಥದ್ದೇ ಒಂದು ಬ್ರಷ್ ಹೈಸ್ಕೂಲ್‌ನಿಂದ ನನ್ನ ಪೆಟ್ಟಿಗೆಯಲ್ಲೇ ಇತ್ತು. ಅದು ಮುಂಗುಸಿಯ ಕೂದಲು ಅಂತ ಗೊತ್ತಾಗಿದ್ದು ಕಾಲೇಜು ಮುಗಿದ ಮೇಲೆ. ಗೊತ್ತಾದ ಮೇಲೂ ಅದನ್ನ ಇನ್ನೊಂದಷ್ಟು ದಿನ ಬಳಸಿದ್ದೆ.

ಹಾಗಾಗಿ ಇವತ್ತಿನ ವಿಷಯ: ಕಾಡುಪ್ರಾಣಿಗಳನ್ನ ಹಿಡಿದು, ಅವುಗಳ ತುಪ್ಪಳ ಹದ ಮಾಡಿ ಮಾರೋ ವ್ಯಾಪಾರ. ಕೇಳಿದ ಕೂಡಲೇ ರಷ್ಯಾ, ಕೆನಡಾ, ಹಿಮ, ಉದ್ದನೆಯ ಕೋಟು ನೆನಪಾಗುತ್ತೆ. ನಲವತ್ತು ಡಿಗ್ರಿ ಬಿಸಿಲಿನ ಬಳ್ಳಾರಿಗೂ ಇದಕ್ಕೂ ಏನು ಸಂಬಂಧ ಅನಿಸುತ್ತೆ. ಸಂಬಂಧ ಇದೆ. ಅದನ್ನ ಹುಡುಕಿಕೊಂಡು ನಾನು ಸಿರುಗುಪ್ಪಕ್ಕೆ ಹೋದೆ, ಕುರುಗೋಡಿಗೆ ಹೋದೆ. ಬನ್ನಿ, ಒಂದೊಂದಾಗಿ ಹೇಳ್ತೀನಿ.

ತುಪ್ಪಳ ಅಂದ್ರೆ ಏನು?

ಮೊದಲು ಒಂದು ವ್ಯತ್ಯಾಸ ಸ್ಪಷ್ಟ ಮಾಡ್ಕೊಳ್ಳೋಣ. ಉಣ್ಣೆ ಬೇರೆ, ಚರ್ಮ ಬೇರೆ, ತುಪ್ಪಳ ಬೇರೆ.

ಉಣ್ಣೆ ನಮಗೆ ಗೊತ್ತಿರೋದೇ. ಬಳ್ಳಾರಿ ಅಂತಲೇ ಹೆಸರಿರೋ ಕುರಿ ತಳಿ ನಮ್ಮ ಕಡೆಯದ್ದು. ಕುರಿಯ ಮೈಮೇಲಿನ ಉಣ್ಣೆ ಕತ್ತರಿಸಿ, ನೂಲು ಮಾಡಿ, ಕಂಬಳಿ ನೇಯ್ತಾರೆ. ಕತ್ತರಿಸಿದ ಮೇಲೆ ಕುರಿ ಎದ್ದು ಮೈ ಕೊಡವಿ ಹಿಂಡಿಗೆ ಓಡುತ್ತೆ. ಕೆಲವು ತಿಂಗಳಲ್ಲಿ ಮತ್ತೆ ಉಣ್ಣೆ ಬೆಳೆಯುತ್ತೆ. ಕುರಿ ಬದುಕಿದ್ದರೇ ಈ ಕಸುಬಿಗೆ ಲಾಭ.

ಇನ್ನು ಚರ್ಮ. ಚಪ್ಪಲಿ, ಬೆಲ್ಟು, ಬಾರುಕೋಲು ಮಾಡೋಕೆ ಬೇಕಾಗೋದು ಕೂದಲಿಲ್ಲದ ತೊಗಲು. ಅದಕ್ಕೆ ಹಸಿ ಚರ್ಮವನ್ನ ಸುಣ್ಣದ ನೀರಲ್ಲಿ ನೆನೆಹಾಕ್ತಾರೆ. ಕೂದಲು ಸಡಿಲವಾಗಿ ಕಿತ್ತು ಬರುತ್ತೆ. ಆಮೇಲೆ ಮರದ ತೊಗಟೆಯ ರಸದಲ್ಲಿ ಹದ ಮಾಡ್ತಾರೆ. ನಮ್ಮ ಬಯಲಲ್ಲಿ ಹಳದಿ ಹೂ ಬಿಡೋ ತಂಗಡಿ ಗಿಡ ಇದೆಯಲ್ಲ, ದಕ್ಷಿಣ ಭಾರತದಲ್ಲಿ ಬಹಳ ಕಾಲದಿಂದ ಚರ್ಮ ಹದ ಮಾಡೋಕೆ ಬಳಸಿರೋದು ಅದರ ತೊಗಟೆಯನ್ನೇ.

ತುಪ್ಪಳದ ಲೆಕ್ಕ ಇದಕ್ಕೆ ಉಲ್ಟಾ. ಅಲ್ಲಿ ಬೆಲೆ ಇರೋದೇ ಕೂದಲಿಗೆ. ಕೂದಲು ಚರ್ಮಕ್ಕೆ ಅಂಟಿಕೊಂಡೇ ಇರಬೇಕು, ಒಂದೂ ಉದುರಬಾರದು. ಹಾಗಾಗಿ ಸುಣ್ಣ ಮುಟ್ಟಿಸೋ ಹಾಗಿಲ್ಲ. ಒಳಮೈಯ ಕೊಬ್ಬು, ಮಾಂಸ ಕೆರೆದು ತೆಗೀತಾರೆ. ಉಪ್ಪು ಹಾಕಿ ಕೊಳೆಯದಂತೆ ಒಣಗಿಸ್ತಾರೆ. ಆಮೇಲೆ ಪಟಿಕ ಅಥವಾ ಕ್ರೋಮ್ ಲವಣದಲ್ಲಿ ಹದ ಮಾಡಿ, ಎಣ್ಣೆ ಉಣಿಸಿ, ದೊಡ್ಡ ಡ್ರಮ್ಮಿನಲ್ಲಿ ಮರದ ಹೊಟ್ಟಿನ ಜೊತೆ ತಿರುಗಿಸಿ ಮೆತ್ತಗೆ ಮಾಡ್ತಾರೆ. ಹೊಟ್ಟು ಜಿಡ್ಡನ್ನ ಹೀರಿಕೊಳ್ಳುತ್ತೆ, ಕೂದಲು ಹೊಳೆಯುತ್ತೆ.

ತುಪ್ಪಳದಲ್ಲಿ ಎರಡು ಪದರ ಇರುತ್ತೆ. ಹೊರಗಡೆ ಉದ್ದನೆಯ ಒರಟು ಕೂದಲು, ಮಳೆ ಧೂಳು ತಡೆಯೋಕೆ. ಒಳಗಡೆ ಒತ್ತೊತ್ತಾದ ಸಣ್ಣ ಮೃದು ಕೂದಲು, ಬೆಚ್ಚಗಿಡೋಕೆ. ಚಳಿ ಜಾಸ್ತಿ ಆದಷ್ಟೂ ಒಳಪದರ ದಟ್ಟವಾಗುತ್ತೆ. ಅದಕ್ಕೇ ಕೆನಡಾ, ರಷ್ಯಾದಂಥ ದೇಶಗಳಲ್ಲಿ ಪ್ರಾಣಿ ಹಿಡಿಯೋದು ಚಳಿಗಾಲದಲ್ಲಿ. ಬೇಸಿಗೆಯ ತುಪ್ಪಳಕ್ಕೆ ಅಲ್ಲಿ ಬೆಲೆ ಇಲ್ಲ.

ಹಾಗಾದ್ರೆ ವರ್ಷವಿಡೀ ಬೇಸಿಗೆಯೇ ಅನ್ನೋ ಹಾಗಿರೋ ನಮ್ಮ ಊರಿನ ಪ್ರಾಣಿಗಳು ಬಚಾವ್ ಅಲ್ವಾ? ಅರ್ಧ ನಿಜ. ಕೋಟಿನ ವ್ಯಾಪಾರ ಇಲ್ಲಿ ಬೆಳೆಯಲಿಲ್ಲ. ಆದರೆ ಎರಡು ಪ್ರಾಣಿಗಳ ಮೈಮೇಲೆ ವ್ಯಾಪಾರಿಗಳಿಗೆ ಬೇಕಾದದ್ದು ಇತ್ತು. ಒಂದು ಹೊಳೆಯಲ್ಲಿ, ಇನ್ನೊಂದು ಹೊಲದಲ್ಲಿ.

ಟೋಪಿಗಾಗಿ ಕಟ್ಟಿದ ಕಂಪನಿ

ಅವುಗಳ ಕಥೆಗೆ ಮೊದಲು ಒಂದು ನಿಮಿಷ ಕೆನಡಾಗೆ ಹೋಗಿ ಬರೋಣ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

1670ರಲ್ಲಿ ಲಂಡನ್ನಿನಲ್ಲಿ ಹಡ್ಸನ್ಸ್ ಬೇ ಕಂಪನಿ ಅಂತ ಒಂದು ಕಂಪನಿ ಶುರುವಾಯ್ತು. ನಮ್ಮ ಈಸ್ಟ್ ಇಂಡಿಯಾ ಕಂಪನಿಯ ತಮ್ಮ ಅನ್ನಿ. ಈಸ್ಟ್ ಇಂಡಿಯಾ ಕಂಪನಿ ಮೆಣಸು, ಬಟ್ಟೆ ಹುಡುಕಿಕೊಂಡು ಇತ್ತ ಬಂದ ಹಾಗೆ, ಇವರು ಬೀವರ್ ಅನ್ನೋ ಪ್ರಾಣಿಯ ತುಪ್ಪಳ ಹುಡುಕಿಕೊಂಡು ಉತ್ತರ ಅಮೆರಿಕಕ್ಕೆ ಹೋದರು. ಬೀವರ್‌ನ ಒಳಪದರದಿಂದ ಒಳ್ಳೇ ಟೋಪಿ ಆಗ್ತಿತ್ತು. ಯುರೋಪಿನ ಗಂಡಸರಿಗೆ ಆ ಟೋಪಿ ಇಲ್ಲದಿದ್ದರೆ ಮರ್ಯಾದೆಯೇ ಇಲ್ಲ ಅನ್ನೋ ಕಾಲ ಅದು.

ಅಲ್ಲಿನ ಮೂಲನಿವಾಸಿಗಳು ಪ್ರಾಣಿ ಹಿಡಿದು ತುಪ್ಪಳ ತರೋರು, ಕಂಪನಿ ಬದಲಿಗೆ ಪಾತ್ರೆ, ಕಂಬಳಿ, ಬಂದೂಕು ಕೊಡೋದು. ಎಲ್ಲದರ ಬೆಲೆಯನ್ನೂ ಬೀವರ್ ಲೆಕ್ಕದಲ್ಲೇ ಹೇಳ್ತಿದ್ದರು. ಇಂಥ ವಸ್ತುವಿಗೆ ಇಷ್ಟು ಬೀವರ್ ಅಂತ. ತುಪ್ಪಳವೇ ದುಡ್ಡಾಗಿತ್ತು.

ಬೀವರ್ ಒಂದೊಂದೇ ಕಡೆ ಖಾಲಿಯಾಗ್ತಾ ಬಂತು. ಹೊಸ ಹೊಳೆ ಹುಡುಕಿಕೊಂಡು ವ್ಯಾಪಾರ ಮುಂದೆ ಮುಂದೆ ಹೋಯ್ತು. 1830–40ರ ಹೊತ್ತಿಗೆ ಫ್ಯಾಷನ್ ಬದಲಾಯ್ತು. ಯುರೋಪಿನವರು ರೇಷ್ಮೆ ಟೋಪಿ ಹಾಕ್ಕೊಳ್ಳೋಕೆ ಶುರು ಮಾಡಿದರು. ಬೀವರ್ ಮೇಲಿದ್ದ ಒತ್ತಡ ಇಳೀತು. ಕೆನಡಾದಲ್ಲಿ ಇವತ್ತಿಗೂ ಲೈಸೆನ್ಸ್ ಪಡೆದು ಪ್ರಾಣಿ ಹಿಡಿಯೋರು ಇದ್ದಾರೆ. ಹಲವು ಮೂಲನಿವಾಸಿ ಸಮುದಾಯಗಳಿಗೆ ಅದು ಹೊಟ್ಟೆಪಾಡೂ ಹೌದು, ಬದುಕಿನ ರೀತಿಯೂ ಹೌದು. ಆದರೆ ಮುನ್ನೂರೈವತ್ತು ವರ್ಷ ಬಾಳಿದ ಆ ಕಂಪನಿಯ ಅಂಗಡಿಗಳು 2025ರಲ್ಲಿ ಬಾಗಿಲು ಹಾಕಿದವು.

ಈ ಕಥೆಯಲ್ಲಿ ಗಮನಿಸಬೇಕಾದ್ದು ಒಂದೇ. ಬೀವರ್‌ನ ಹಣೆಬರಹ ಕೆನಡಾದ ಹೊಳೆಯಲ್ಲಿ ಬರೆದಿರಲಿಲ್ಲ. ಲಂಡನ್ನಿನ ಟೋಪಿ ಅಂಗಡಿಯಲ್ಲಿ ಬರೆದಿತ್ತು. ಕೊಳ್ಳೋನು ಕೇಳಿದಾಗ ಅದು ಸತ್ತಿತು, ಕೊಳ್ಳೋನು ಬೇಡ ಅಂದಾಗ ಉಸಿರಾಡಿತು. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಈಗ ಸಿರುಗುಪ್ಪಕ್ಕೆ ಬನ್ನಿ.

ಸಿರುಗುಪ್ಪ: ನೀರುನಾಯಿಯ ಮೈ

ಸಿರುಗುಪ್ಪ ಅಂದ್ರೆ ಭತ್ತ. ಬಸ್ಸು ಊರಿಗೆ ಹತ್ತಿರವಾದಂಗೆ ಎರಡೂ ಕಡೆ ಗದ್ದೆ, ನಡುನಡುವೆ ರೈಸ್ ಮಿಲ್ಲು. ಊರಾಚೆ ತುಂಗಭದ್ರಾ. ಬೆಳಗಿನ ಆರೂವರೆಗೆ ಹೊಳೆದಂಡೆಗೆ ಹೋದಾಗ ಒಬ್ಬ ಅಜ್ಜ ಬಲೆ ಬಿಡಿಸ್ತಾ ಕೂತಿದ್ದ. ಬಲೆಯಲ್ಲಿ ಅಂಗೈ ಅಗಲದ ಎರಡು ತೂತು.

"ಇದೇನಜ್ಜಾ?" ಅಂದೆ.

"ನೀರುನಾಯಿ ಕೆಲಸ ತಮ್ಮಾ. ಬಲ್ಯಾಗಿನ ಮೀನು ತಿನ್ನಾಕ ಬರ್ತಾವು, ಬಲಿ ಹರದು ಹೋಗ್ತಾವು."

"ಸಿಟ್ಟು ಬರಲ್ವಾ?"

"ಬರ್ತೈತಿ. ಬರದ ಇರ್ತೈತೇನು? ಆದ್ರ ಒಂದು ಮಾತು ಕೇಳು. ಅವು ಇದ್ದಲ್ಲೇ ಮೀನು ಇರ್ತಾವು. ಅವು ಬಿಟ್ಟು ಹೋದ ಮಡುವಿನಾಗ ನಾ ಬಲಿ ಹಾಕಂಗಿಲ್ಲ."

ಆ ಬೆಳಿಗ್ಗೆ ನನಗೆ ನೀರುನಾಯಿ ಕಾಣಲಿಲ್ಲ. ಬಂಡೆ ಮೇಲೆ ಅವು ಬಿಟ್ಟುಹೋಗಿದ್ದ ಮೀನಿನ ಹುರುಪೆ ತುಂಬಿದ ಹಿಕ್ಕೆ ಮಾತ್ರ ಕಂಡಿತು. ಅಜ್ಜ ಅದನ್ನೇ ತೋರಿಸಿ "ಇಲ್ಲೇ ಅದಾವು" ಅಂದ.

ನಮ್ಮ ತುಂಗಭದ್ರೆಯಲ್ಲಿರೋದು ನುಣುಪು ತುಪ್ಪಳದ ನೀರುನಾಯಿ. ತಿಮಿಂಗಿಲ, ಸೀಲ್‌ನಂಥ ನೀರಿನ ಪ್ರಾಣಿಗಳಿಗೆ ಚಳಿ ತಡೆಯೋಕೆ ಚರ್ಮದಡಿ ದಪ್ಪ ಕೊಬ್ಬಿನ ಪದರ ಇರುತ್ತೆ. ನೀರುನಾಯಿಗೆ ಅದಿಲ್ಲ. ಅದರ ಬದಲು ಒತ್ತಾದ ಒಳತುಪ್ಪಳ ಇದೆ. ಆ ಕೂದಲಿನ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ, ನೀರು ಚರ್ಮದವರೆಗೆ ಹೋಗೋದೇ ಇಲ್ಲ. ಇಡೀ ದಿನ ನೀರಲ್ಲಿದ್ದರೂ ಒಳಮೈ ಒಣಗಿರುತ್ತೆ. ಬಿಸಿಲ ನಾಡಿನ ಪ್ರಾಣಿಯಾದರೂ ತುಪ್ಪಳ ದಟ್ಟವಾಗಿರೋದು ಇದಕ್ಕೇ. ಅದನ್ನ ಬದುಕಿಸೋ ಈ ತುಪ್ಪಳವೇ ಅದಕ್ಕೆ ಕುತ್ತು ತಂದಿತು.

ಯಾರಿಗೆ ಬೇಕಿತ್ತು ಇದು? ಹಿಮಾಲಯದ ಆಚೆ, ಟಿಬೆಟ್‌ನಲ್ಲಿ. ಅಲ್ಲಿ ಹಬ್ಬ, ಕುದುರೆ ಓಟ, ಮದುವೆಗಳಿಗೆ ಹಾಕೋ ಉದ್ದನೆಯ ನಿಲುವಂಗಿಯ ಅಂಚಿಗೆ ಹುಲಿ, ಚಿರತೆ, ನೀರುನಾಯಿಯ ತುಪ್ಪಳ ಹೊಲಿಸೋದು ಶ್ರೀಮಂತಿಕೆಯ ಗುರುತಾಗಿತ್ತು. 1990ರ ದಶಕದ ಕೊನೆಯಿಂದ ಈ ಬೇಡಿಕೆ ವಿಪರೀತ ಏರಿತು. ಭಾರತದಿಂದ ಕಳ್ಳದಾರಿಯಲ್ಲಿ ಚರ್ಮಗಳು ಹೋದವು. 2003ರ ಅಕ್ಟೋಬರ್‌ನಲ್ಲಿ ಟಿಬೆಟ್‌ನ ಸಾಂಗ್‌ಸಾಂಗ್ ಅನ್ನೋ ಕಡೆ ಒಂದೇ ಲೋಡಿನಲ್ಲಿ ಸಿಕ್ಕಿಬಿದ್ದದ್ದು ಎಷ್ಟು ಗೊತ್ತಾ? 31 ಹುಲಿ ಚರ್ಮ, 581 ಚಿರತೆ ಚರ್ಮ, 778 ನೀರುನಾಯಿ ಚರ್ಮ.

ಆ ಸಂಖ್ಯೆಗಳನ್ನ ಮತ್ತೊಮ್ಮೆ ನೋಡಿ. ಸುದ್ದಿಯಲ್ಲಿ ದೊಡ್ಡದಾಗಿ ಬಂದದ್ದು ಹುಲಿ. ಎಲ್ಲಕ್ಕಿಂತ ಹೆಚ್ಚು ಸತ್ತಿದ್ದು ನೀರುನಾಯಿ. ನಮಗೆ ಹುಲಿ ಲೆಕ್ಕ ಗೊತ್ತು, ಪ್ರತಿ ನಾಲ್ಕು ವರ್ಷಕ್ಕೆ ಗಣತಿ ಆಗುತ್ತೆ. ನೀರುನಾಯಿಗೆ ಅಂಥ ಗಣತಿ ಇಲ್ಲ.

ಈಗ ಕಥೆಗೆ ತಿರುವು. ಸಿರುಗುಪ್ಪದ ಮುಂದೆ ಹರಿಯೋ ತುಂಗಭದ್ರಾ ಮಂತ್ರಾಲಯ, ಕರ್ನೂಲು ದಾಟಿ ಕೃಷ್ಣೆಗೆ ಸೇರುತ್ತೆ. ಕೃಷ್ಣೆ ಇನ್ನೂ ಮುಂದೆ ಹೋಗಿ ಆಂಧ್ರದ ಅಮರಾವತಿ ಮುಟ್ಟುತ್ತೆ. 2006ರ ಜನವರಿಯಲ್ಲಿ ಅದೇ ಅಮರಾವತಿಯಲ್ಲಿ ಕಾಲಚಕ್ರ ಅನ್ನೋ ದೊಡ್ಡ ಬೌದ್ಧ ಸಮಾರಂಭ ನಡೀತು. ಟಿಬೆಟ್‌ನಿಂದಲೂ ಸಾವಿರಾರು ಜನ ಬಂದಿದ್ದರು. ಅಲ್ಲಿ ದಲೈ ಲಾಮಾ ತಮ್ಮ ಜನರಿಗೆ, ಕಾಡುಪ್ರಾಣಿಗಳ ತುಪ್ಪಳ ತೊಡೋದನ್ನ ಬಿಡಿ, ಇದನ್ನ ನೋಡಿದರೆ ನನಗೆ ನಾಚಿಕೆಯಾಗುತ್ತೆ ಅನ್ನೋ ಅರ್ಥದಲ್ಲಿ ನೇರವಾಗಿ ಹೇಳಿದರು.

ಕೆಲವೇ ವಾರಗಳಲ್ಲಿ ಟಿಬೆಟ್‌ನ ಊರೂರುಗಳಲ್ಲಿ ಜನ ತಮ್ಮ ದುಬಾರಿ ನಿಲುವಂಗಿಗಳನ್ನ ತಂದು ರಾಶಿ ಹಾಕಿ ಸುಟ್ಟರು. ಯಾರೂ ಅವರ ಮನೆಗೆ ರೇಡ್ ಮಾಡಿರಲಿಲ್ಲ. ಅವರಾಗಿಯೇ ಸುಟ್ಟರು. ತುಪ್ಪಳದ ಅಂಚು ಹೊಲಿಸೋ ಫ್ಯಾಷನ್ನೇ ಅಲ್ಲಿ ಕುಸಿದುಬಿತ್ತು.

ಅಮರಾವತಿಯಲ್ಲಿ ಆಡಿದ ಒಂದು ಮಾತು ಹಿಮಾಲಯ ದಾಟಿ ಹೋಗಿ, ಹೊಳೆಗಳಲ್ಲಿರೋ ನೀರುನಾಯಿಗಳ ಮೇಲಿನ ಒಂದು ದೊಡ್ಡ ಭಾರ ಇಳಿಸಿತು. ಅಪಾಯ ಪೂರ್ತಿ ಹೋಯ್ತು ಅಂತ ಅಲ್ಲ. 2019ರಲ್ಲಿ ಈ ಜಾತಿಯ ನೀರುನಾಯಿಯನ್ನ ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಬೇಕಾಗಿ ಬಂತು. ನಮ್ಮಲ್ಲಿ 2015ರಲ್ಲಿ ಸರ್ಕಾರ ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಒಳ್ಳೇ ಕೆಲಸ. ಆದರೆ ಮೀಸಲು ಕಂಪ್ಲಿಯಲ್ಲಿ ಮುಗಿಯುತ್ತೆ, ಹೊಳೆ ಮುಗಿಯಲ್ಲ. ಸಿರುಗುಪ್ಪ ಅದರ ಕೆಳಗಿದೆ. ಇಲ್ಲಿನ ನೀರುನಾಯಿಗೆ ಕಾನೂನಿನ ರಕ್ಷಣೆ ಇದೆ, ಜೊತೆಗೆ ಬಲೆ ಹರಿದರೂ ಬೈದು ಸುಮ್ಮನಾಗೋ ಆ ಅಜ್ಜನಂಥವರು ಇದ್ದಾರೆ.

ಕುರುಗೋಡು: ಹೊಲದ ಕಾವಲುಗಾರ

ನೀರುನಾಯಿಯ ಕಥೆಯಲ್ಲಿ ಕೊಳ್ಳೋರು ದೂರದವರು. ಮುಂಗುಸಿಯ ಕಥೆಯಲ್ಲಿ ಕೊಳ್ಳೋರು ನಾವೇ.

ಕುರುಗೋಡಲ್ಲಿ ಒಂದು ಕಡೆ ಬಂಡೆಗಳ ಗುಡ್ಡ, ಇನ್ನೊಂದು ಕಡೆ ಹೊಲ. ಮುಂಗುಸಿಗೆ ಹೇಳಿ ಮಾಡಿಸಿದ ಜಾಗ. ಬಂಡೆ ಸಂದಿಯಲ್ಲಿ ಮನೆ, ಬದುವಿನ ಮೇಲೆ ಊಟ. ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೀತಿದ್ದ ಒಬ್ಬ ಅಕ್ಕನನ್ನ ಮಾತಾಡಿಸಿದೆ. ನಾವು ಮಾತಾಡ್ತಿರೋವಾಗಲೇ ಬದುವಿನ ಮೇಲೆ ಬೂದು ಬಣ್ಣದ್ದೊಂದು ಸರ್ರನೆ ಹೋಯ್ತು. ಅಕ್ಕ ಕೈಮುಗಿದಳು.

"ಮುಂಗುಸಿ ಕಂಡ್ರ ಒಳ್ಳೇದಾಗ್ತೈತಿ ಅಂತಾರಪ್ಪ. ನೀ ಬಂದಿದ್ದು ಚಲೋ ಆತು ನೋಡು."

"ಇವನ್ನ ಯಾರಾದ್ರೂ ಹಿಡೀತಾರಾ ಅಕ್ಕಾ?" ಅಂತ ಕೇಳಿದೆ.

"ಇವನ್ನ ಹಿಡಿದು ಏನ್ ಮಾಡ್ತಾರ? ತಿನ್ನಾಕ ಬರಲ್ಲ, ಉಣ್ಣಾಕ ಬರಲ್ಲ. ಇವನ್ನ ಹಿಡಿದ್ರ ಇಲಿ ಯಾರು ಹಿಡೀತಾರ?"

ಬ್ರಷ್ ಮಾಡ್ತಾರೆ ಅಂದೆ. ಅಕ್ಕನಿಗೆ ನಂಬಿಕೆ ಬರಲಿಲ್ಲ. "ಬಣ್ಣ ಹಚ್ಚಾಕ?" ಅಂತ ಎರಡು ಸಲ ಕೇಳಿದಳು.

ಹೌದು, ಬಣ್ಣ ಹಚ್ಚೋಕೆ. ಮುಂಗುಸಿಯ ಕೂದಲು ಗಟ್ಟಿ, ಬಾಗಿಸಿದರೆ ಮತ್ತೆ ನೆಟ್ಟಗಾಗುತ್ತೆ, ಬಣ್ಣ ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತೆ, ತುದಿ ಸೂಜಿಯಂತೆ ಚೂಪಾಗಿರುತ್ತೆ. ಬ್ರಷ್ ಮಾಡೋರು ಕೂದಲನ್ನ ಬಾಚಿ ಒಳತುಪ್ಪಳ ತೆಗೆದುಹಾಕ್ತಾರೆ. ಉದ್ದಕ್ಕೆ ತಕ್ಕಂತೆ ವಿಂಗಡಿಸ್ತಾರೆ. ತುದಿಗಳೆಲ್ಲ ಸಮ ಬರೋ ಹಾಗೆ ಜೋಡಿಸಿ, ದಾರದಲ್ಲಿ ಬಿಗಿದು, ಅಂಟು ಹಾಕಿ ಲೋಹದ ಕೊಳವೆಗೆ ಕೂರಿಸ್ತಾರೆ. ತುದಿಯನ್ನ ಮಾತ್ರ ಯಾವತ್ತೂ ಕತ್ತರಿಸಲ್ಲ, ಯಾಕಂದ್ರೆ ಆ ಹುಟ್ಟು ತುದಿಯಲ್ಲೇ ಬ್ರಷ್‌ನ ಗುಣ ಇರೋದು. ಉತ್ತರ ಪ್ರದೇಶದ ಬಿಜನೌರ್ ಜಿಲ್ಲೆಯ ಶೇರ್‌ಕೋಟ್ ಈ ಬ್ರಷ್ ಕಸುಬಿಗೆ ಹೆಸರಾದ ಊರು. ಅಲ್ಲಿ ನ್ಯಾಯವಾಗಿ ನೈಲಾನ್ ಬ್ರಷ್, ಹಂದಿ ಕೂದಲಿನ ಬ್ರಷ್ ಮಾಡೋರೂ ತುಂಬಾ ಜನ ಇದ್ದಾರೆ ಅನ್ನೋದನ್ನ ಮರೀಬಾರದು.

ಈಗ ಲೆಕ್ಕ ಕೇಳಿ. ಒಂದು ಮುಂಗುಸಿಯಿಂದ ಸಿಗೋ ಕೂದಲು ಸುಮಾರು 40 ಗ್ರಾಂ. ಅದರಲ್ಲಿ ಒಳ್ಳೇ ಬ್ರಷ್‌ಗೆ ಆಗೋದು ಅರ್ಧದಷ್ಟು. ಅಂದ್ರೆ ಬ್ರಷ್‌ಗೆ ಯೋಗ್ಯವಾದ ಒಂದು ಕೆಜಿ ಕೂದಲಿಗೆ ಹತ್ತಿರ ಹತ್ತಿರ 50 ಮುಂಗುಸಿ. ಕುರಿಯ ಹಾಗೆ ಕತ್ತರಿಸಿ ಬಿಡೋ ಮಾತೇ ಇಲ್ಲ. ಉರುಲಿಗೆ ಬಿದ್ದ ಮುಂಗುಸಿ ವಾಪಸ್ ಹೊಲಕ್ಕೆ ಹೋಗಲ್ಲ.

2019ರಲ್ಲಿ ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 'ಆಪರೇಷನ್ ಕ್ಲೀನ್ ಆರ್ಟ್' ಅಂತ ಹಲವು ರಾಜ್ಯಗಳಲ್ಲಿ ಒಟ್ಟಿಗೆ ದಾಳಿ ಮಾಡಿತು. ಹತ್ತಾರು ಸಾವಿರ ಬ್ರಷ್, ನೂರು ಕೆಜಿಗೂ ಮೀರಿ ಕಚ್ಚಾ ಕೂದಲು ಸಿಕ್ಕಿತು. ಒಂದಕ್ಕೆ 40 ಗ್ರಾಂ ಅಂತ ಇಟ್ಟುಕೊಂಡರೂ ನೂರು ಕೆಜಿ ಅಂದ್ರೆ 2,500 ಮುಂಗುಸಿ. ಅಷ್ಟು ಹೊಲಗಳ ಬದು ಖಾಲಿ.

ಕಾನೂನು ಏನು ಹೇಳುತ್ತೆ? ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. 1986ರ ತಿದ್ದುಪಡಿ ಪಟ್ಟಿಯಲ್ಲಿರೋ ಪ್ರಮುಖ ಪ್ರಾಣಿಗಳ ಚರ್ಮ, ತುಪ್ಪಳ, ಅದರಿಂದ ಮಾಡಿದ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿತು. 2002ರಲ್ಲಿ ಮುಂಗುಸಿಗೂ ಹೆಚ್ಚಿನ ರಕ್ಷಣೆ ಸಿಕ್ಕಿತು. ಹಿಡಿಯೋದು, ಮಾರೋದು ಮಾತ್ರ ಅಲ್ಲ, ಅದರ ಕೂದಲಿನ ವಸ್ತು ಇಟ್ಟುಕೊಳ್ಳೋದೂ ಅಪರಾಧ. ಏಳು ವರ್ಷದವರೆಗೆ ಜೈಲು ಆಗಬಹುದು. ಅಂದ್ರೆ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದು ಅಂಥ ವಸ್ತು. ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಉರುಲು ಹಾಕೋರು ಯಾರು?

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಇಂಥ ಸುದ್ದಿ ಬಂದಾಗ ಕಾಮೆಂಟ್‌ಗಳಲ್ಲಿ ಕೂಡಲೇ ಒಂದು ಸಮುದಾಯದ ಹೆಸರು ಬರುತ್ತೆ. ಹಕ್ಕಿಪಿಕ್ಕಿ, ಹರಣಶಿಕಾರಿ ಅಂತ ಬೆರಳು ತೋರಿಸ್ತಾರೆ.

ಇವರ ಪೂರ್ವಿಕರು ಬೇಟೆಯನ್ನೇ ನಂಬಿ ಬದುಕಿದ್ದು ನಿಜ. ಅದು ಆಗ ಅಪರಾಧ ಆಗಿರಲಿಲ್ಲ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ಇಂಥ ಎಷ್ಟೋ ಅಲೆಮಾರಿ ಸಮುದಾಯಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಆ ಹಣೆಪಟ್ಟಿ ಕಾನೂನಿನಲ್ಲಿ ಹೋಗಿದ್ದು 1952ರಲ್ಲಿ. ಜನರ ಬಾಯಲ್ಲಿ ಇನ್ನೂ ಹೋಗಿಲ್ಲ. ಇಪ್ಪತ್ತು ವರ್ಷ ಕಳೆದು 1972ರ ಕಾಯ್ದೆ ಬಂದಾಗ ಅವರ ಹಳೇ ಕಸುಬು ಕಾನೂನಿನಾಚೆ ಹೋಯ್ತು. ಪ್ರಾಣಿಗಳಿಗೆ ಅದು ಬೇಕಿತ್ತು. ಆದರೆ ಆ ಜನಕ್ಕೆ ಬದಲಿ ದಾರಿ ಅಷ್ಟೇ ವೇಗವಾಗಿ ಸಿಗಲಿಲ್ಲ.

ಆಮೇಲೂ ಅವರು ದಾರಿ ಹುಡುಕಿಕೊಂಡರು. ಹಕ್ಕಿಪಿಕ್ಕಿಗಳು ಪ್ಲಾಸ್ಟಿಕ್ ಹೂ ಮಾರಿದರು, ಗಿಡಮೂಲಿಕೆಯ ತಲೆಎಣ್ಣೆ ಮಾಡಿ ಆಫ್ರಿಕಾವರೆಗೂ ಹೋಗಿ ಮಾರಿದರು. 2023ರಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರು ಅಂತ ಸುದ್ದಿ ಬಂತಲ್ಲ, ಅವರೇ ಇವರು.

ತುಪ್ಪಳದ ವ್ಯಾಪಾರದಲ್ಲಿ ಉರುಲು ಹಾಕೋ ಕೈಗೆ ಸಿಗೋದು ಚಿಲ್ಲರೆ. ಅವನ ಮೇಲೆ ಕೂದಲು ಕೂಡಿಹಾಕೋನು, ಅವನ ಮೇಲೆ ಸಾಗಿಸೋನು, ಅವನ ಮೇಲೆ ಬ್ರಷ್ ಮಾಡಿಸೋನು, ಅವನ ಮೇಲೆ ಅಂಗಡಿ, ಎಲ್ಲಕ್ಕಿಂತ ಮೇಲೆ ನಾವು. ಸಿಕ್ಕಿಬೀಳೋದು ಬಹುತೇಕ ಕೆಳಗಿನ ಮೆಟ್ಟಿಲಿನವನು. ಅಪರಾಧ ಯಾರು ಮಾಡಿದರೂ ಅಪರಾಧವೇ. ಆದರೆ ಜಾತಿ ಹೆಸರು ಹಿಡಿದು ಅನುಮಾನಿಸೋದು ಸುಲಭ, ನಮ್ಮ ಪೆನ್ಸಿಲ್ ಡಬ್ಬಿ ತೆಗೆದು ನೋಡೋದು ಕಷ್ಟ.

ಹಾಗಾದ್ರೆ ಏನು ಮಾಡೋದು?

ಪೆನ್ಸಿಲ್ ಡಬ್ಬಿ ತೆಗೆದು ನೋಡೋಣ.

ಬ್ರಷ್‌ನ ಕೂದಲನ್ನ ಬೆಳಕಿಗೆ ಹಿಡಿಯಿರಿ. ಒಂದೊಂದು ಕೂದಲಿನ ಉದ್ದಕ್ಕೂ ತಿಳಿ ಬಣ್ಣ, ಕಡು ಬಣ್ಣ, ಮತ್ತೆ ತಿಳಿ ಬಣ್ಣ ಅಂತ ಪಟ್ಟೆ ಪಟ್ಟೆ ಕಂಡರೆ ಅನುಮಾನ ಪಡಿ. ಮುಂಗುಸಿ ದೂರದಿಂದ ಬೂದು ಬಣ್ಣ ಕಾಣೋದೇ ಈ ಪಟ್ಟೆಗಳಿಂದ. ನೈಲಾನ್ ಕೂದಲು ಬುಡದಿಂದ ತುದಿವರೆಗೆ ಸಾಮಾನ್ಯವಾಗಿ ಒಂದೇ ಬಣ್ಣ, ಒಂದೇ ಹೊಳಪು. ಇನ್ನೂ ಅನುಮಾನ ಇದ್ದರೆ ಉದುರಿದ ಒಂದು ಕೂದಲನ್ನ ದೊಡ್ಡವರ ಎದುರಲ್ಲಿ ಬೆಂಕಿಗೆ ಹಿಡಿದು ನೋಡಬಹುದು. ನೈಲಾನ್ ಕರಗಿ ಗುಂಡಗಾಗುತ್ತೆ. ಪ್ರಾಣಿ ಕೂದಲಾದರೆ ತಲೆಗೂದಲು ಸುಟ್ಟ ವಾಸನೆ ಬರುತ್ತೆ.

ಪ್ರಾಣಿ ಕೂದಲೆಲ್ಲ ಮುಂಗುಸಿಯದ್ದೇ ಅಲ್ಲ. ಹಂದಿ, ಮೇಕೆ ಕೂದಲಿನ ಬ್ರಷ್‌ಗಳೂ ಇವೆ. ದುಬಾರಿ ಬ್ರಷ್ ಮೇಲೆ 'ಕೊಲಿನ್ಸ್ಕಿ ಸೇಬಲ್' ಅಂತ ಇದ್ದರೆ ಅದು ಸೈಬೀರಿಯಾ, ಚೀನಾ ಕಡೆಯ ವೀಸೆಲ್ ಅನ್ನೋ ಮುಂಗುಸಿಯಂಥ ಪುಟ್ಟ ಪ್ರಾಣಿಯ ಬಾಲದ ಕೂದಲು. ಅದು ಹಿಮಾಲಯದಲ್ಲೂ ಇದೆ. ಅಂಗಡಿಯಲ್ಲಿ 'ನೇವ್ಲಾ' ಅಂದ್ರೆ ಹಿಂದಿಯಲ್ಲಿ ಮುಂಗುಸಿ ಅಂತ ನೆನಪಿಟ್ಟುಕೊಳ್ಳಿ. 'ಒರಿಜಿನಲ್ ಹೇರ್' ಅಂದರೆ ಯಾವುದರ ಹೇರ್ ಅಂತ ಕೇಳಿ. ಉತ್ತರ ಬರದಿದ್ದರೆ ಅದೇ ಉತ್ತರ.

ನಿಮ್ಮ ಹತ್ತಿರ ಈಗಾಗಲೇ ಇದ್ದರೆ ಮಾರಬೇಡಿ, ಯಾರಿಗೂ ದಾಟಿಸಬೇಡಿ. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ ವಿಷಯ ಹೇಳಿ ಕೊಟ್ಟುಬಿಡಿ. ಪ್ರಾಣಿ ಹಿಡಿಯೋದು, ಚರ್ಮ ಮಾರೋದು ಕಣ್ಣಿಗೆ ಬಿದ್ದರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನೀವಾಗಿಯೇ ಹೋಗಿ ಜಗಳ ತೆಗೀಬೇಡಿ, ವಿಡಿಯೋ ಮಾಡಿ ಯಾರದ್ದೋ ಮುಖ ವೈರಲ್ ಮಾಡಬೇಡಿ.

ಚಿತ್ರ ಬಿಡಿಸೋ ಗೆಳೆಯರಿಗೆ ಒಂದು ಮಾತು. ನೈಲಾನ್ ಬ್ರಷ್‌ನಲ್ಲಿ ಕೆಲಸ ಆಗಲ್ಲ ಅನ್ನೋದು ಹಳೇ ಮಾತು. ಈಗಿನ ಒಳ್ಳೇ ನೈಲಾನ್ ಬ್ರಷ್‌ಗಳು ನೀರು ಹಿಡೀತವೆ, ತುದಿ ಚೂಪಾಗಿ ಉಳಿಸಿಕೊಳ್ತವೆ. ಬಣ್ಣ ಸ್ವಲ್ಪ ಬೇಗ ಬಿಟ್ಟುಕೊಡ್ತವೆ ಅಷ್ಟೇ, ಎರಡು ವಾರದಲ್ಲಿ ಕೈಗೆ ಒಗ್ಗುತ್ತೆ.

ಕೊನೆಗೆ ಬಳ್ಳಾರಿಯ ಅಂಗಡಿಗೆ ವಾಪಸ್ ಬರೋಣ. ಆವತ್ತು ನಾನು ಸುಮ್ಮನಾಗಿದ್ದೆ ಅಂದೆನಲ್ಲ. ಅಕ್ಕನ ಮಗಳು ಬಿಡಲಿಲ್ಲ. ಹೊರಗೆ ಬಂದ ಮೇಲೆ ಮತ್ತೆ ಕೇಳಿದಳು. ಮುಂಗುಸಿ ಅಂತ ಹೇಳಿದೆ. ಅವಳು ನಂಬಲಿಲ್ಲ, ಪಾಠದಲ್ಲಿ ಓದಿದ ಕಥೆ ನೆನಪಿಸಿದಳು. ತೊಟ್ಟಿಲಿನ ಮಗುವನ್ನ ಹಾವಿನಿಂದ ಕಾಪಾಡಿದ ಮುಂಗುಸಿಯನ್ನ ತಾಯಿ ಗೊತ್ತಿಲ್ಲದೆ ಹೊಡೆದು ಹಾಕ್ತಾಳಲ್ಲ, ಅದು.

"ಆ ಅಮ್ಮಗೆ ಗೊತ್ತಿರಲಿಲ್ಲ ಮಾಮ. ನಿನಗ ಗೊತ್ತಿತ್ತಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ನನ್ನ ಹಳೇ ಬ್ರಷ್ ತಗೊಂಡು ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೊಟ್ಟು ಬಂದೆ. ಆ ಸ್ಟೇಷನರಿ ಅಂಗಡಿಗೂ ಹೋಗಿ, ಡಬ್ಬಿಯಲ್ಲಿರೋದು ಏನು, ಅದಕ್ಕೆ ಕಾನೂನು ಏನು ಅಂತ ಹೇಳಿದೆ. ಅವರಿಗೂ ಪೂರ್ತಿ ಗೊತ್ತಿರಲಿಲ್ಲ. "ನೀವು ಕೇಳ್ತೀರಿ, ನಾವು ಇಡ್ತೀವಿ ಸರ್. ಕೇಳೋರು ಬಿಟ್ರ ನಾವ್ಯಾಕ ಇಡೋಣು?" ಅಂದರು.

ಬೀವರ್ ಟೋಪಿಯಿಂದ ಹಿಡಿದು ಟಿಬೆಟ್‌ನ ನಿಲುವಂಗಿವರೆಗೆ ಇವತ್ತು ನಾನು ಹೇಳಿದ್ದೆಲ್ಲ ಅವರ ಆ ಒಂದು ಮಾತಿನಲ್ಲಿದೆ.

ಅಕ್ಕನ ಮಗಳ ಪರೀಕ್ಷೆ ಮುಂದಿನ ತಿಂಗಳು. ನೈಲಾನ್ ಬ್ರಷ್‌ನಲ್ಲೇ ಅಭ್ಯಾಸ ಮಾಡ್ತಿದ್ದಾಳೆ. ಮೊನ್ನೆ ಬಿಡಿಸಿದ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಳು: ಮೆಣಸಿನಕಾಯಿ ಹೊಲ, ಬದು, ಬದುವಿನ ಮೇಲೆ ಬೂದು ಬಣ್ಣದ್ದೊಂದು. ಬಾಲ ಸ್ವಲ್ಪ ದಪ್ಪ ಆಗಿದೆ ಅಂದೆ. ಸಿಟ್ಟು ಮಾಡ್ಕೊಂಡಿದ್ದಾಳೆ.

ನಿಮ್ಮ ಊರಿನ ಹೊಳೆಯಲ್ಲಿ ನೀರುನಾಯಿ ಕಂಡಿದ್ದರೆ, ಹೊಲದಲ್ಲಿ ಮುಂಗುಸಿ ಕಂಡಿದ್ದರೆ ನಮಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.